ಸಿಎನ್‌ಸಿ ಯಂತ್ರದ ಎಮರ್ಜೆನ್ಸಿ ಸ್ಟಾಪ್: ಯಾವ ವೈರಿಂಗ್ ಯಾವ ಯಂತ್ರಕ್ಕೆ?

ತುರ್ತಿಗೆ ಒತ್ತುವ, ಹಳದಿ ಹಿನ್ನೆಲೆಯ ಕೆಂಪು ಗುಂಡಿ ಎಲ್ಲ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರಗಳ ಮೇಲೂ ಒಂದೇ ಥರ ಕಾಣುತ್ತದೆ. ಅದರ ಹಿಂದಿನಿಂದ ಹೊರಟ ವೈರು ಎಲ್ಲಿಗೆ ಹೋಗುತ್ತದೆ ಎನ್ನುವುದರಲ್ಲೇ ವ್ಯತ್ಯಾಸವೆಲ್ಲ ಇದೆ. ಒಂದು ಯಂತ್ರದಲ್ಲಿ ಅದು ಕಂಟ್ರೋಲರ್ ಬೋರ್ಡಿನ ಒಂದು ಪಿನ್ನಿಗೆ ಹೋಗಿ ನಿಲ್ಲುತ್ತದೆ, ಇನ್ನೊಂದರಲ್ಲಿ ಎರಡು ಕಾಂಟ್ಯಾಕ್ಟರುಗಳನ್ನು (ಕಾಯಿಲಿಗೆ ಕರೆಂಟ್ ಇರುವ ತನಕ ಮಾತ್ರ ಪವರ್ ಲೈನ್ ಜೋಡಿಸಿ ಹಿಡಿಯುವ ಸ್ವಿಚ್ಚುಗಳು) ಬೀಳಿಸುತ್ತದೆ, ಅಂದರೆ ಪವರನ್ನೇ ಕಡಿಯುತ್ತದೆ. ಒತ್ತಿದವರಿಗೆ ಎರಡೂ ಒಂದೇ. ಕಂಟ್ರೋಲರ್ ಕೆಟ್ಟು ಕೂತ ದಿನ ಮಾತ್ರ ಎರಡೂ ಒಂದೇ ಅಲ್ಲ.

ವೈರಿಂಗ್ ಆರಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಕರೆಂಟ್ ತೆಗೆದ ಕ್ಷಣದಲ್ಲಿ ಈ ಯಂತ್ರದ ಯಾವ ಭಾಗ ಇನ್ನೂ ಓಡುತ್ತಿರುತ್ತದೆ, ಅದನ್ನು ನಿಲ್ಲಿಸುವುದು ಯಾವುದು? ಘರ್ಷಣೆಯಿಂದಲೇ ನಿಲ್ಲುವ ಸಣ್ಣ ರೂಟರ್ ಟೇಬಲ್ ಬೇರೆ, ಭಾರದ ಚಕ್ ತಿರುಗುವ ಲೇತ್ ಬೇರೆ, ಬಾಲ್ ಸ್ಕ್ರೂ (ಗುಂಡುಗಳ ಮೇಲೆ ಹಗುರವಾಗಿ ಉರುಳುವ ತಿರುಪು) ಮೇಲೆ ತೂಗುವ ಝಡ್ ಅಕ್ಷ, ಅಂದರೆ ಮೇಲೆ-ಕೆಳಗೆ ಚಲಿಸುವ ಭಾಗ, ಬೇರೆ. ಯಂತ್ರಗಳ ವಿದ್ಯುತ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60204-1 ನಿಲ್ಲಿಸುವ ವಿಧಾನಗಳನ್ನು ಮೂರು ವರ್ಗ ಮಾಡುತ್ತದೆ. ವರ್ಗ 0 ಎಂದರೆ ಪವರ್ ತಕ್ಷಣ ಕಡಿತ. ವರ್ಗ 1 ಎಂದರೆ ಮೊದಲು ಡ್ರೈವ್ (ಮೋಟರ್ ನಡೆಸುವ ಎಲೆಕ್ಟ್ರಾನಿಕ್ ಘಟಕ) ಹಿಡಿತದಲ್ಲೇ ನಿಲ್ಲಿಸಿ, ನಿಂತ ಮೇಲೆ ಪವರ್ ಕಡಿತ. ವರ್ಗ 2ರಲ್ಲಿ ನಿಂತ ಮೇಲೂ ಪವರ್ ಉಳಿಯುತ್ತದೆ, ಆದ್ದರಿಂದ ತುರ್ತು ನಿಲುಗಡೆಗೆ ಅದು ಸಲ್ಲದು. ಆಯ್ಕೆ ಇರುವುದು ಮೊದಲ ಎರಡರ ನಡುವೆ.

ಇನ್ನೊಂದು ಮಾತು. ಇ-ಸ್ಟಾಪ್ (ಎಮರ್ಜೆನ್ಸಿ ಸ್ಟಾಪ್) ಇದೆ ಎಂದು ಗಾರ್ಡ್, ಬಾಗಿಲು ತೆರೆದರೆ ಯಂತ್ರ ನಿಲ್ಲಿಸುವ ಇಂಟರ್‌ಲಾಕ್ ಬಿಡುವಂತಿಲ್ಲ. ತುರ್ತು ನಿಲುಗಡೆಯ ಮಾನದಂಡ ಐಎಸ್‌ಒ 13850 ಇದನ್ನು ಪೂರಕ ರಕ್ಷಣೆ ಎಂದೇ ಕರೆಯುತ್ತದೆ. ಗುಂಡಿ ಒತ್ತಲು ಕೈ ಬಿಡುವಾಗಿರಬೇಕಲ್ಲ!

ಮೊದಲ ಬಗೆ: ಕಂಟ್ರೋಲರ್ ಇನ್‌ಪುಟ್ ಮಾತ್ರ

ಅಗ್ಗದ ಕಿಟ್‌ಗಳಲ್ಲಿ ಸಿಗುವುದು ಇದೇ. ಗುಂಡಿಯ ಎರಡು ವೈರನ್ನು ಬ್ರೇಕ್‌ಔಟ್ ಬೋರ್ಡಿಗೋ (ಕಂಪ್ಯೂಟರಿನ ಸಿಗ್ನಲ್ ಹಂಚುವ ಬೋರ್ಡು) ಜಿಆರ್‌ಬಿಎಲ್ ಎಂಬ ಕಂಟ್ರೋಲ್ ಸಾಫ್ಟ್‌ವೇರ್ ಇರುವ ಬೋರ್ಡಿನ ರಿಸೆಟ್ ಪಿನ್ನಿಗೋ ಕೊಟ್ಟರೆ ಕೆಲಸ ಮುಗಿಯಿತು. ಒತ್ತಿದರೆ ಪ್ರೋಗ್ರಾಂ ನಿಲ್ಲುತ್ತದೆ, ಮೋಟರನ್ನು ನಡೆಸುವ ಪಲ್ಸ್ ನಿಲ್ಲುತ್ತದೆ, ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಆದರೆ ಗುಂಡಿ ಬೇಕಾಗುವುದು ಕಂಟ್ರೋಲರ್ ಹೇಳಿದ ಮಾತು ಕೇಳದಿದ್ದಾಗ. ಸಾಫ್ಟ್‌ವೇರ್ ಸ್ಥಗಿತಗೊಂಡರೆ, ಸರ್ವೊ ಡ್ರೈವಿನ ಎನ್‌ಕೋಡರ್ (ಮೋಟರಿನ ಸ್ಥಾನ ತಿಳಿಸುವ ಸೆನ್ಸರ್) ವೈರು ಕಿತ್ತು ಮೋಟರ್ ತನ್ನಷ್ಟಕ್ಕೆ ಓಡಿದರೆ, ಸ್ಪಿಂಡಲ್ (ಟೂಲ್ ಅಥವಾ ಜಾಬ್ ತಿರುಗಿಸುವ ಭಾಗ) ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡರೆ ಈ ಪಿನ್ನಿನಿಂದ ಏನೂ ಆಗದು. ಮಾಕ್3 ಎಂಬ ಕಂಟ್ರೋಲ್ ಸಾಫ್ಟ್‌ವೇರ್ ಕೊಡುವ 12.5 ಕಿಲೋಹರ್ಟ್ಸ್ ಚಾರ್ಜ್ ಪಂಪ್ ಸಿಗ್ನಲ್ ಸಾಫ್ಟ್‌ವೇರ್ ಜೀವಂತವಾಗಿದೆ ಎಂದಷ್ಟೇ ಹೇಳುತ್ತದೆ, ಅಂಟಿದ ರಿಲೇ ಅದಕ್ಕೆ ಕಾಣುವುದಿಲ್ಲ. ಪರದೆಯ ಮೇಲಿನ ಕೆಂಪು ಬಟನ್ನಂತೂ ಇ-ಸ್ಟಾಪ್ ಎಂಬ ಹೆಸರಿಗೇ ಅರ್ಹವಲ್ಲ.

ಹಾಗೆಂದು ಈ ವೈರು ಬೇಡ ಎಂದಲ್ಲ. ಮುಂದಿನ ಮೂರು ಬಗೆಯಲ್ಲೂ ಒಂದು ಸಹಾಯಕ ಕಾಂಟ್ಯಾಕ್ಟಿನಿಂದ ಕಂಟ್ರೋಲರಿಗೆ ಸುದ್ದಿ ಹೋಗಲೇಬೇಕು. ಹೋಗದಿದ್ದರೆ ಡ್ರೈವ್ ಸತ್ತಿದ್ದರೂ ಕಂಟ್ರೋಲರ್ ಜಿ-ಕೋಡ್ (ಯಂತ್ರದ ಪ್ರೋಗ್ರಾಂ) ಓದುತ್ತಲೇ ಇರುತ್ತದೆ, ಪವರ್ ಮರಳಿದ ಕೂಡಲೇ ಯಂತ್ರ ಪ್ರೋಗ್ರಾಮಿನ ನಡುವಿನಿಂದ, ತಪ್ಪು ಜಾಗದಲ್ಲಿ ಓಟ ಹಿಡಿಯುತ್ತದೆ. ಸುದ್ದಿ ಕೊಡುವ ವೈರು ಇರಲಿ, ನಿಲ್ಲಿಸುವ ಹೊಣೆ ಅದರದ್ದಾಗದಿರಲಿ. ಈ ಇನ್‌ಪುಟ್ 5 ವೋಲ್ಟಿನದ್ದಾಗಿ ವೈರು ಸ್ಪಿಂಡಲ್ ಕೇಬಲ್ ಪಕ್ಕದಲ್ಲೇ ಹಾಯ್ದರೆ ವಿಎಫ್‌ಡಿ (ಸ್ಪಿಂಡಲ್ ಮೋಟರಿನ ವೇಗ ಬದಲಿಸುವ ಡ್ರೈವ್) ಎಬ್ಬಿಸುವ ವಿದ್ಯುತ್ ಗದ್ದಲಕ್ಕೆ ಸುಳ್ಳು ನಿಲುಗಡೆಗಳು ಶುರುವಾಗುತ್ತವೆ. ಬೇಸತ್ತವರು ಕೊನೆಗೆ ಗುಂಡಿಯನ್ನೇ ದಾಟಿಸುವ ಜಂಪರ್ ವೈರು ಹಾಕುತ್ತಾರೆ. 24 ವೋಲ್ಟ್ ಲೂಪ್, ಬೋರ್ಡಿನ ಬಳಿ ಆಪ್ಟೊಕಪ್ಲರ್ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಭಾಗ), ಶೀಲ್ಡ್ ಇರುವ ಕೇಬಲ್ ಬಳಸಿದರೆ ಆ ಸ್ಥಿತಿ ಬರುವುದಿಲ್ಲ.

ಎರಡನೆಯ ಬಗೆ: ಒಂದು ಕಾಂಟ್ಯಾಕ್ಟರ್, ಸೆಲ್ಫ್ ಹೋಲ್ಡ್

ಹಳೆಯ ಲೇತ್‌ನ ಸ್ಟಾರ್ಟರ್ ಬಿಚ್ಚಿ ನೋಡಿದವರಿಗೆ ಇದು ಪರಿಚಿತ. 24 ವೋಲ್ಟ್ ಪಾಸಿಟಿವ್, ಫ್ಯೂಸ್, ಇ-ಸ್ಟಾಪಿನ ಎನ್‌ಸಿ (ಸಹಜವಾಗಿ ಮುಚ್ಚಿರುವ) ಕಾಂಟ್ಯಾಕ್ಟ್, ಹಸಿರು ಸ್ಟಾರ್ಟ್ ಗುಂಡಿಯ ಎನ್‌ಒ (ಸಹಜವಾಗಿ ತೆರೆದಿರುವ) ಕಾಂಟ್ಯಾಕ್ಟ್, ಕಾಂಟ್ಯಾಕ್ಟರ್ ಕಾಯಿಲಿನ ಎ1 ತುದಿ, ನಂತರ ಅದರ ಇನ್ನೊಂದು ತುದಿ ಎ2ರಿಂದ 0 ವೋಲ್ಟ್. ಕಾಂಟ್ಯಾಕ್ಟರಿನ ಒಂದು ಎನ್‌ಒ ಸಹಾಯಕ ಕಾಂಟ್ಯಾಕ್ಟನ್ನು ಸ್ಟಾರ್ಟ್ ಗುಂಡಿಗೆ ಸಮಾಂತರವಾಗಿ ಹಾಕಿದರೆ ಗುಂಡಿ ಬಿಟ್ಟರೂ ಕಾಯಿಲ್ ಹಿಡಿದಿರುತ್ತದೆ. ಇ-ಸ್ಟಾಪ್ ಒತ್ತಿದರೂ, ವೈರು ಕಡಿದರೂ, ಕರೆಂಟ್ ಹೋಗಿ ಬಂದರೂ ಕಾಂಟ್ಯಾಕ್ಟರ್ ಬೀಳುತ್ತದೆ, ಸ್ಟಾರ್ಟ್ ಒತ್ತುವ ತನಕ ಮತ್ತೆ ಏಳುವುದಿಲ್ಲ. ಇಷ್ಟು ಕಡಿಮೆ ಭಾಗಗಳಲ್ಲಿ ಇಷ್ಟು ಭದ್ರತೆ ಬೇರೆ ಯಾವುದರಲ್ಲೂ ಸಿಗದು.

ಇದರ ಕೊರತೆ ಒಂದೇ, ಆದರೆ ದೊಡ್ಡದು. ಮುಖ್ಯ ಕಾಂಟ್ಯಾಕ್ಟುಗಳು ಅಂಟಿಕೊಂಡರೆ ಅಥವಾ ಗುಂಡಿಯ ವೈರುಗಳು ಕೇಬಲಿನೊಳಗೆ ಒಂದಕ್ಕೊಂದು ತಾಗಿದರೆ ಗುಂಡಿ ಕೆಲಸ ಮಾಡದು, ಅದು ಕೆಟ್ಟಿದೆ ಎಂದು ಯಾರಿಗೂ ತಿಳಿಯದು. ತಿಳಿಯುವುದು ಒತ್ತಿದ ದಿನವೇ. ಸಣ್ಣ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರಿನ) ರೂಟರ್, ಕೈ ಒಳಹೋಗದಂತೆ ಮುಚ್ಚಿದ ಲೇಸರ್, ಹಗುರ ಕೆಲಸದ ಟೇಬಲ್ ಯಂತ್ರಕ್ಕೆ ಇದು ಸಾಕು. ಗಾತ್ರ ಸರಿಯಾಗಿ ಆರಿಸಿದ ಕಾಂಟ್ಯಾಕ್ಟರ್ ಮತ್ತು ನಿಯಮಿತ ಪರೀಕ್ಷೆ ಇರಬೇಕು, ಅಷ್ಟೇ. ಕೈ ಹಾಕಿ ಜಾಬ್ ಬದಲಿಸುವ ಮಿಲ್ಲಿಗೆ, ಲೇತಿಗೆ ಸಾಲದು.

ಮೂರನೆಯ ಬಗೆ: ಸೇಫ್ಟಿ ರಿಲೇ, ಎರಡು ಚಾನೆಲ್, ಎರಡು ಕಾಂಟ್ಯಾಕ್ಟರ್

ಎರಡನೆಯ ಬಗೆಯಲ್ಲಿ ಕಾಣದೇ ಉಳಿಯುವ ದೋಷವನ್ನು ಕಾಣುವಂತೆ ಮಾಡುವುದೇ ಇಲ್ಲಿನ ಹೂರಣ. ಗುಂಡಿಯ ಹಿಂದೆ ಎರಡು ಎನ್‌ಸಿ ಬ್ಲಾಕ್, ಒಂದೊಂದಕ್ಕೂ ಪ್ರತ್ಯೇಕ ಜೋಡಿ ವೈರು; ಇವೇ ಎರಡು ಚಾನೆಲ್. ಎರಡರ ಮೇಲೂ ಕಣ್ಣಿಡುವ ಸೇಫ್ಟಿ ರಿಲೇಯ ಔಟ್‌ಪುಟ್ ಕೆ1, ಕೆ2 ಎಂಬ ಎರಡು ಕಾಂಟ್ಯಾಕ್ಟರುಗಳನ್ನು ನಡೆಸುತ್ತದೆ, ಅವುಗಳ ಮುಖ್ಯ ಕಾಂಟ್ಯಾಕ್ಟುಗಳು ಪವರ್ ಲೈನಿನಲ್ಲಿ ಸೀರೀಸ್. ಒಂದು ಅಂಟಿದರೂ ಇನ್ನೊಂದು ಕಡಿಯುತ್ತದೆ.

ಎರಡೂ ಕಾಂಟ್ಯಾಕ್ಟರುಗಳ ಎನ್‌ಸಿ ಸಹಾಯಕ ಕಾಂಟ್ಯಾಕ್ಟುಗಳನ್ನು ಸೀರೀಸ್ ಮಾಡಿ ರಿಸೆಟ್ ಸರ್ಕ್ಯೂಟಿಗೆ ಸೇರಿಸಬೇಕು. ಜನ ಬಿಟ್ಟುಬಿಡುವುದು ಇದನ್ನೇ. ಕೆ1 ಅಂಟಿದ್ದರೆ ಅದರ ಎನ್‌ಸಿ ಮುಚ್ಚುವುದಿಲ್ಲ, ರಿಲೇ ರಿಸೆಟ್ ಆಗುವುದಿಲ್ಲ, ದೋಷ ಅಲ್ಲೇ ಸಿಕ್ಕಿಬೀಳುತ್ತದೆ. ಈ ಲೂಪಿನ ಬದಲು ತುಂಡು ವೈರು ಹಾಕಿದ ಪ್ಯಾನೆಲುಗಳಲ್ಲಿ ಸೇಫ್ಟಿ ರಿಲೇಗೆ ಕೊಟ್ಟ ಹಣ ಬಹುಪಾಲು ವ್ಯರ್ಥ: ಕೆ1 ಎಂದೋ ಅಂಟಿರುತ್ತದೆ, ಕೆ2 ಅಂಟುವವರೆಗೆ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಆ ಸಹಾಯಕ ಕಾಂಟ್ಯಾಕ್ಟುಗಳು ಮಿರರ್ ಕಾಂಟ್ಯಾಕ್ಟ್ ಎಂದು ಗುರುತಿಸಿದವೇ ಆಗಿರಬೇಕು, ಅಂದರೆ ಮುಖ್ಯ ಕಾಂಟ್ಯಾಕ್ಟ್ ಒಂದಾದರೂ ಅಂಟಿದ್ದಾಗ ಎನ್‌ಸಿ ಮುಚ್ಚಲಾಗದ ರಚನೆ. ಸಾಧಾರಣ ಸಣ್ಣ ರಿಲೇಗಳಿಗೆ ಆ ಖಾತರಿ ಇಲ್ಲ.

ಎರಡು ಚಾನೆಲನ್ನೂ ಒಂದೇ ಪಾಸಿಟಿವ್‌ನಿಂದ ಎಳೆಯಬೇಡಿ. ಹಾಗೆ ಮಾಡಿದರೆ ಎರಡು ವೈರು ತಮ್ಮೊಳಗೆ ತಾಗಿದರೂ ರಿಲೇಗೆ ಗೊತ್ತಾಗದು. ಒಂದು ಚಾನೆಲ್ ಪಾಸಿಟಿವ್, ಇನ್ನೊಂದು 0 ವೋಲ್ಟ್ ಕಡೆ ಇರುವ ರಿಲೇ ಅಥವಾ ಪಲ್ಸ್ ಕಳಿಸಿ ಪರೀಕ್ಷಿಸುವ ರಿಲೇ ಆರಿಸಿ, ಅದರ ಕೈಪಿಡಿಯ ಚಿತ್ರದಂತೆಯೇ ಜೋಡಿಸಿ. ರಿಸೆಟ್ ಆಟೊ ಇರಕೂಡದು. ನೀಲಿ ಗುಂಡಿಯ ಮಾನಿಟರ್ಡ್ ರಿಸೆಟ್ ಇರಲಿ, ಅದರಲ್ಲಿ ಗುಂಡಿ ಒತ್ತಿ ಬಿಟ್ಟಾಗ ಮಾತ್ರ ರಿಲೇ ಏಳುತ್ತದೆ. ರಿಸೆಟ್ ಗುಂಡಿಗೆ ಯಾರೋ ಬೆಣೆ ಸಿಕ್ಕಿಸಿಟ್ಟರೂ ಮೋಸ ನಡೆಯದು. ಇ-ಸ್ಟಾಪನ್ನು ತಿರುಗಿಸಿ ಬಿಡಿಸಿದ ಮಾತ್ರಕ್ಕೆ ಯಂತ್ರ ಓಡಕೂಡದು ಎನ್ನುವುದು ಐಎಸ್‌ಒ 13850ರ ನಿಯಮವೂ ಹೌದು.

ನಾಲ್ಕನೆಯ ಬಗೆ: ಸೇಫ್ಟಿ ರಿಲೇ, ಡ್ರೈವಿನ ಎಸ್‌ಟಿಒ

ಎಸ್‌ಟಿಒ (ಸೇಫ್ ಟಾರ್ಕ್ ಆಫ್) ಇರುವ ಸರ್ವೊ ಡ್ರೈವ್ ಅಥವಾ ವಿಎಫ್‌ಡಿಯಲ್ಲಿ ಎರಡು ಇನ್‌ಪುಟ್ಟಿನ 24 ವೋಲ್ಟ್ ತೆಗೆದರೆ ಔಟ್‌ಪುಟ್ ಟ್ರಾನ್ಸಿಸ್ಟರುಗಳಿಗೆ ಗೇಟ್ ಪಲ್ಸ್ ಹೋಗದು, ಮೋಟರಿಗೆ ಬಲ ಸಿಗದು. ಮೈನ್ಸ್ ಹಾಗೆಯೇ ಉಳಿಯುತ್ತದೆ. ಸವೆಯಲು ಕಾಂಟ್ಯಾಕ್ಟಿಲ್ಲ, ಪ್ರತಿ ಸಲ ಕೆಪಾಸಿಟರ್ ತುಂಬುವ ಹೊಡೆತವಿಲ್ಲ, ಡ್ರೈವ್ ತನ್ನ ಸ್ಥಾನ ಮರೆಯುವುದಿಲ್ಲ. ಎಸ್‌ಟಿಒ ಇರುವ ಡ್ರೈವ್ ಕೈಯಲ್ಲಿದ್ದರೆ ಬೇರೆ ಯೋಚನೆ ಬೇಡ, ಇದೇ ದಾರಿ.

ಎರಡು ಎಚ್ಚರಿಕೆ. ಎಸ್‌ಟಿಒ ಬಲವನ್ನು ತೆಗೆಯುತ್ತದೆ, ವೋಲ್ಟೇಜನ್ನಲ್ಲ. ಮೋಟರ್ ಟರ್ಮಿನಲ್ ಮುಟ್ಟುವ ಮೊದಲು ಮೇನ್ ಐಸೊಲೇಟರ್ ತೆಗೆದು, ಡ್ರೈವಿನ ಮೇಲೆ ಬರೆದಷ್ಟು ನಿಮಿಷ ಕಾಯಲೇಬೇಕು. ಎರಡನೆಯದು ಅಪರೂಪದ್ದು: ಎಸ್‌ಟಿಒ ಆಗಿರುವಾಗಲೇ ಎರಡು ಪವರ್ ಟ್ರಾನ್ಸಿಸ್ಟರ್ ಏಕಕಾಲಕ್ಕೆ ಶಾರ್ಟ್ ಆದರೆ ಪರ್ಮನೆಂಟ್ ಮ್ಯಾಗ್ನೆಟ್ ಮೋಟರ್ ಒಮ್ಮೆ ಜಗ್ಗಬಹುದು. 8 ಪೋಲ್ ಮೋಟರಿನಲ್ಲಿ ಅದು ಹೆಚ್ಚೆಂದರೆ 45 ಡಿಗ್ರಿ. 10 ಮಿ.ಮೀ. ಪಿಚ್ಚಿನ ಸ್ಕ್ರೂ ಮೇಲೆ 1.25 ಮಿ.ಮೀ. ಚಲನೆ.

ಎಸ್‌ಟಿಒ ನೇರವಾಗಿ ಬಿದ್ದರೆ ವರ್ಗ 0, ಅಂದರೆ ಅಕ್ಷ ಸ್ವತಂತ್ರವಾಗಿ ಜಾರುತ್ತದೆ. ನಿಮಿಷಕ್ಕೆ 15 ಮೀಟರ್ ಓಟದಲ್ಲಿ, ಅಂದರೆ ಸೆಕೆಂಡಿಗೆ 250 ಮಿ.ಮೀ., ರಿಲೇ ಮತ್ತು ಎಸ್‌ಟಿಒ ಬೀಳಲು ಒಟ್ಟು 50 ಮಿಲಿಸೆಕೆಂಡ್ ಹಿಡಿದರೂ ಬಲ ತೆಗೆಯುವ ಮುಂಚೆಯೇ 12.5 ಮಿ.ಮೀ. ಸಾಗಿರುತ್ತದೆ. ಜಾರಾಟ ಅದರ ಮೇಲೆ ಕೂಡುತ್ತದೆ. ಭಾರದ ಅಕ್ಷಕ್ಕೆ, ವೇಗದ ಸ್ಪಿಂಡಲಿಗೆ ವರ್ಗ 1 ಬೇಕಾಗುವುದು ಇದಕ್ಕೇ. ವಿಳಂಬ ಔಟ್‌ಪುಟ್ ಇರುವ ಸೇಫ್ಟಿ ರಿಲೇ ತನ್ನ ತಕ್ಷಣದ ಕಾಂಟ್ಯಾಕ್ಟಿನಿಂದ ಡ್ರೈವಿಗೆ ‘ಬೇಗ ನಿಲ್ಲಿಸು’ ಎನ್ನುತ್ತದೆ, ವಿಳಂಬದ ಕಾಂಟ್ಯಾಕ್ಟಿನಿಂದ ಎಸ್‌ಟಿಒ ಬೀಳಿಸುತ್ತದೆ. ಅತಿ ಹೆಚ್ಚು ವೇಗ, ಅತಿ ಭಾರದ ಜಾಬ್ ಇಟ್ಟು ನಿಲ್ಲುವ ಸಮಯ ಅಳೆದು, ವಿಳಂಬವನ್ನು ಅದಕ್ಕಿಂತ ಸ್ವಲ್ಪವೇ ಹೆಚ್ಚು ಇಡಿ. 0.6 ಸೆಕೆಂಡಿನಲ್ಲಿ ನಿಲ್ಲುವ ಅಕ್ಷಕ್ಕೆ 3 ಸೆಕೆಂಡ್ ಕೊಟ್ಟರೆ, ಕೆಟ್ಟ ಡ್ರೈವಿಗೆ ಓಡಲು 3 ಸೆಕೆಂಡ್ ಕೊಟ್ಟ ಹಾಗೆ.

ಹಲವು ಬಾಗಿಲು, ಹಲವು ವಲಯ, ಎನೇಬಲಿಂಗ್ ಸ್ವಿಚ್ (ಹಿಡಿದಿರುವಾಗ ಮಾತ್ರ ಯಂತ್ರ ಚಲಿಸಲು ಬಿಡುವ ಸ್ವಿಚ್) ಎಲ್ಲ ಇದ್ದರೆ ರಿಲೇಗಳನ್ನು ಪೇರಿಸುವುದಕ್ಕಿಂತ ಸೇಫ್ಟಿ ಪಿಎಲ್‌ಸಿ (ಪ್ರೋಗ್ರಾಂ ಮಾಡಬಹುದಾದ ಸುರಕ್ಷಾ ಕಂಟ್ರೋಲರ್) ವಾಸಿ. ಒಂಟಿ ಯಂತ್ರಕ್ಕೆ ಅದರ ಅಗತ್ಯ ಬೀಳುವುದಿಲ್ಲ.

ಪವರ್ ಎಲ್ಲಿ ಕಡಿಯಬೇಕು

ಮೇಲಿನ ಆಯ್ಕೆ ಸರಿಯಾಗಿದ್ದೂ ಕೆಲಸ ಕೆಡುವುದು ಇಲ್ಲಿ.

ಸ್ಟೆಪ್ಪರ್ ಡ್ರೈವುಗಳಿಗೆ ಮೂರು ಜಾಗ ಕಾಣಿಸುತ್ತದೆ. ಡ್ರೈವ್ ಮತ್ತು ಮೋಟರ್ ನಡುವೆ ಎಂದೂ ಕಡಿಯಬಾರದು, ಓಡುವಾಗ ಆ ವೈರು ತೆರೆದರೆ ಡ್ರೈವ್ ಸುಡುತ್ತದೆ. ಪವರ್ ಸಪ್ಲೈಯ ಡಿಸಿ ಕಡೆ ಕಡಿದರೆ ಬಲ ಬೇಗ ಹೋಗುತ್ತದೆ ನಿಜ, ಆದರೆ ಡಿಸಿ ಕಿಡಿ ಎಸಿಯಂತೆ ತಾನಾಗಿ ಆರುವುದಿಲ್ಲ. ಎಸಿ 250 ವೋಲ್ಟಿಗೆ 10 ಆಂಪ್ ಎಂದು ಬರೆದ ರಿಲೇ 70 ವೋಲ್ಟ್ ಡಿಸಿಯಲ್ಲಿ ಅದರ ಸಣ್ಣ ಪಾಲನ್ನಷ್ಟೇ ಕಡಿಯಬಲ್ಲದು. ಮತ್ತೆ ಮುಚ್ಚುವಾಗ ಡ್ರೈವಿನ ಕೆಪಾಸಿಟರ್ ತುಂಬುವ ಹೊಡೆತಕ್ಕೆ ಕಾಂಟ್ಯಾಕ್ಟ್ ಅಂಟುತ್ತದೆ. ಸಾಲದ್ದಕ್ಕೆ, ನಿಧಾನಿಸುವ ಮೋಟರ್ ಹಿಂದಕ್ಕೆ ತಳ್ಳುವ ಶಕ್ತಿಯನ್ನು ಹೀರಲು ಸಪ್ಲೈಯ ದೊಡ್ಡ ಕೆಪಾಸಿಟರ್ ಆಗ ಜೊತೆಗಿರುವುದಿಲ್ಲ.

ಹಾಗಾಗಿ ಸಪ್ಲೈಯ ಎಸಿ ಕಡೆ ಕಡಿಯುವುದೇ ಮೇಲು, ಆದರೆ ಉಳಿದ ಚಾರ್ಜಿಗೆ ಲೆಕ್ಕ ಹಾಕಿ. 70 ವೋಲ್ಟಿನಲ್ಲಿ 10,000 ಮೈಕ್ರೊಫ್ಯಾರಡ್ ಕೆಪಾಸಿಟರ್ ಸುಮಾರು 24.5 ಜೂಲ್ ಹಿಡಿದಿರುತ್ತದೆ, ಅಕ್ಷ ಇನ್ನಷ್ಟು ದೂರ ಓಡಲು ಅದು ಸಾಕು. 1 ಕಿಲೋಓಮ್ ಬ್ಲೀಡರ್ (ಉಳಿದ ಚಾರ್ಜ್ ಇಳಿಸುವ ರೆಸಿಸ್ಟರ್) ಹಾಕಿದರೆ ಕಾಲ ಸ್ಥಿರಾಂಕ 10 ಸೆಕೆಂಡ್. ಬ್ಲೀಡರಿನಲ್ಲಿ ಸದಾ 4.9 ವ್ಯಾಟ್ ಸುಡುವುದರಿಂದ 10 ವ್ಯಾಟಿನದೇ ಇರಲಿ. ಓಟವನ್ನು ತಕ್ಷಣ ಮುರಿಯಲು ಪಲ್ಸ್ ನಿಲ್ಲಬೇಕು, ಕಂಟ್ರೋಲರಿಗೆ ಸುದ್ದಿ ಕೊಡುವ ವೈರು ಇಲ್ಲಿ ನೆರವಿಗೆ ಬರುತ್ತದೆ.

ಹಾಗಾದರೆ ಡ್ರೈವನ್ನು ಚಾಲೂ-ಬಂದ್ ಮಾಡುವ ಎನೇಬಲ್ ಪಿನ್ ಸಾಕಲ್ಲವೇ? ಸಾಲದು. ಸಾಮಾನ್ಯ ಸ್ಟೆಪ್ಪರ್ ಡ್ರೈವುಗಳಲ್ಲಿ ಆ ಪಿನ್ನಿಗೆ ಏನೂ ಜೋಡಿಸದಿದ್ದರೆ ಡ್ರೈವ್ ಚಾಲೂ ಇರುತ್ತದೆ, ಆಪ್ಟೊ ಮೂಲಕ ಕರೆಂಟ್ ಹರಿಸಿದಾಗಲೇ ಬಂದ್ ಆಗುತ್ತದೆ. ವೈರು ಕಡಿದರೆ ಯಂತ್ರ ನಿಲ್ಲಬೇಕು ಎಂಬ ಮೂಲ ನಿಯಮಕ್ಕೆ ಇದು ತಿರುಗುಮುರುಗು.

ಸ್ಪಿಂಡಲಿನ ವಿಎಫ್‌ಡಿಯಲ್ಲೂ ಔಟ್‌ಪುಟ್ ಕಡೆ ಕಾಂಟ್ಯಾಕ್ಟರ್ ಹಾಕಿ ಓಡುವಾಗ ತೆರೆಯಬಾರದು. ಇನ್‌ಪುಟ್ ಮೈನ್ಸ್ ತೆಗೆದರೆ ಡ್ರೈವ್ ಅಂಡರ್‌ವೋಲ್ಟೇಜ್ ಎಂದು ಕೈಬಿಡುತ್ತದೆ, ಸ್ಪಿಂಡಲ್ ತನ್ನ ಪಾಡಿಗೆ ಸುತ್ತುತ್ತಿರುತ್ತದೆ. ಬ್ರೇಕ್ ರೆಸಿಸ್ಟರ್ ಇದ್ದೂ ಉಪಯೋಗಕ್ಕೆ ಬರದೆ ಹೋಗುವುದು ಹೀಗೆ: ಬ್ರೇಕ್ ಹಾಕಬೇಕಾದ ಡ್ರೈವನ್ನೇ ಮೊದಲು ಮಲಗಿಸಿದ್ದೇವೆ. ಸರಿಯಾದ ಕ್ರಮವೆಂದರೆ ರನ್ ಕಮಾಂಡ್ ತೆಗೆದು, ವೇಗ ಕ್ರಮೇಣ ಇಳಿಸುವ ರ್‍ಯಾಂಪಿನಲ್ಲಿ ನಿಲ್ಲಿಸಿ, ವಿಳಂಬ ಕಾಂಟ್ಯಾಕ್ಟಿನಿಂದ ಎಸ್‌ಟಿಒ ಅಥವಾ ಇನ್‌ಪುಟ್ ಕಾಂಟ್ಯಾಕ್ಟರ್ ಬೀಳಿಸುವುದು. ಇನ್‌ಪುಟ್ ಕಾಂಟ್ಯಾಕ್ಟರ್ ಇರುವ ಯಂತ್ರದಲ್ಲಿ ಇ-ಸ್ಟಾಪನ್ನೇ ದಿನನಿತ್ಯದ ಆಫ್ ಸ್ವಿಚ್ ಮಾಡಿಕೊಂಡರೆ ವಿಎಫ್‌ಡಿಯ ಚಾರ್ಜಿಂಗ್ ರೆಸಿಸ್ಟರ್ ಬೇಗ ಹೋಗುತ್ತದೆ.

ಝಡ್ ಅಕ್ಷಕ್ಕೆ ಟ್ರೆಪಿಜಾಯ್ಡಲ್ ಸ್ಕ್ರೂ ಇದ್ದರೆ ಅದು ಬಹುಮಟ್ಟಿಗೆ ತಾನೇ ಹಿಡಿದುಕೊಳ್ಳುತ್ತದೆ. ಬಾಲ್ ಸ್ಕ್ರೂ ಹಿಡಿಯುವುದಿಲ್ಲ, ಬಲ ಹೋದರೆ ಹೆಡ್ ಇಳಿಯುತ್ತದೆ. ಅದಕ್ಕೆ ಸ್ಪ್ರಿಂಗಿನಿಂದ ಹಿಡಿಯುವ, 24 ವೋಲ್ಟ್ ಕೊಟ್ಟಾಗ ಬಿಡುವ ಬ್ರೇಕ್ ಬೇಕು. ಬ್ರೇಕಿನ 24 ವೋಲ್ಟ್ ಸೇಫ್ಟಿ ರಿಲೇ ಮೂಲಕವೂ ಹಾಯಬೇಕು, ಡ್ರೈವಿನ ಔಟ್‌ಪುಟ್ ಒಂದನ್ನೇ ನಂಬಬಾರದು. ಕಾಯಿಲಿಗೆ ಅಡ್ಡಲಾಗಿ ಬರಿ ಡಯೋಡ್ ಹಾಕಿದರೆ ಕಾಯಿಲಿನ ಕರೆಂಟ್ ಅದರಲ್ಲೇ ಸುತ್ತಿ ನಿಧಾನವಾಗಿ ಇಳಿಯುತ್ತದೆ, ಬ್ರೇಕ್ ತಡವಾಗಿ ಹಿಡಿಯುತ್ತದೆ. 0.1 ಸೆಕೆಂಡ್ ತಡವೆಂದರೆ ಮುಕ್ತ ಪತನದಲ್ಲಿ 49 ಮಿ.ಮೀ. ಸ್ಕ್ರೂವಿನ ಜಡತೆ, ಘರ್ಷಣೆಯಿಂದ ನಿಜದಲ್ಲಿ ಇದು ಕಡಿಮೆಯೇ ಆದೀತು, ಆದರೆ ಟೂಲ್ ಮುರಿಯಲು 2 ಮಿ.ಮೀ. ಸಾಕು. ವ್ಯಾರಿಸ್ಟರ್ ಅಥವಾ ಜೀನರ್ ಸಪ್ರೆಸರ್ ಬಳಸಿ. ಕಾಂಟ್ಯಾಕ್ಟರ್ ಕಾಯಿಲಿಗೂ ಇದೇ ಮಾತು.

ಕಡಿಯಬಾರದ್ದೂ ಇದೆ. ಹೈಡ್ರಾಲಿಕ್ ಚಕ್, ಮ್ಯಾಗ್ನೆಟಿಕ್ ಚಕ್, ವ್ಯಾಕ್ಯೂಮ್ ಟೇಬಲ್ ಹಿಡಿತ ಬಿಟ್ಟರೆ ಸುತ್ತುತ್ತಿರುವ ಜಾಬ್ ಹಾರಿಬಂದು ಎದೆಗೆ ಬಡಿಯುತ್ತದೆ. ಕ್ಲಾಂಪ್ ವಾಲ್ವ್ ಕರೆಂಟ್ ಹೋದರೂ ಬಿಗಿಯಾಗಿಯೇ ಉಳಿಯುವ ಮಾದರಿಯದಾಗಿರಲಿ. ಕಂಟ್ರೋಲರ್, ಎನ್‌ಕೋಡರ್, ಯಂತ್ರದ ಒಳದೀಪಕ್ಕೆ ಬೇರೆ 24 ವೋಲ್ಟ್ ಸಪ್ಲೈ ಇರಲಿ. ಕೂಲೆಂಟ್ ಪಂಪ್ ನಿಲ್ಲಬಹುದು.

ಗುಂಡಿ, ವೈರು, ಅರ್ಥ್

ಗುಂಡಿ ಕೊಳ್ಳುವಾಗ ಎನ್‌ಸಿ ಬ್ಲಾಕಿನ ಮೇಲೆ ವೃತ್ತದೊಳಗೆ ಬಾಣದ ಗುರುತು ಹುಡುಕಿ. ಕಾಂಟ್ಯಾಕ್ಟನ್ನು ಸ್ಪ್ರಿಂಗ್ ಬಿಡಿಸುವುದಲ್ಲ, ನಿಮ್ಮ ಒತ್ತುವಿಕೆಯೇ ಎಳೆದು ಬಿಡಿಸುತ್ತದೆ ಎಂದು ಅದರರ್ಥ. ಒತ್ತಿದರೆ ಒಳಗೇ ಕಚ್ಚಿಕೊಳ್ಳುವ ಮಾದರಿ ಕಡ್ಡಾಯ. ಬ್ಲಾಕ್ ಗುಂಡಿಯಿಂದ ಕಳಚಿ ಬಿದ್ದರೆ ಎನ್‌ಸಿ ಮುಚ್ಚಿಯೇ ಉಳಿಯುತ್ತದೆ, ಗುಂಡಿ ಒತ್ತಿದರೂ ಏನೂ ಆಗದು. ಕಂಪನವಿರುವ ಯಂತ್ರಕ್ಕೆ ಕಳಚಿದಾಗ ತಾನೇ ಸರ್ಕ್ಯೂಟ್ ತೆರೆಯುವ ಬ್ಲಾಕುಗಳು ಸಿಗುತ್ತವೆ. ಗುಂಡಿಯ ಎತ್ತರ ನಿಲ್ಲುವ ನೆಲದಿಂದ 0.6 ರಿಂದ 1.7 ಮೀಟರ್ ಒಳಗಿರಲಿ. ಬಿಚ್ಚಿಡಬಹುದಾದ ಪೆಂಡೆಂಟಿನ (ಕೈಯಲ್ಲಿ ಹಿಡಿಯುವ ಕಂಟ್ರೋಲ್ ಪೆಟ್ಟಿಗೆ) ಗುಂಡಿ, ಪ್ಲಗ್ ತೆಗೆದ ಮೇಲೂ ಕೆಂಪಾಗಿ ಕಣ್ಣೆದುರೇ ನೇತಾಡುತ್ತಿದ್ದರೆ ಒತ್ತುವವರಿಗೆ ಮೋಸ. ಬಿಚ್ಚಿದ್ದನ್ನು ಬೀಗ ಹಾಕಿ ಎತ್ತಿಡಿ.

ಕಂಟ್ರೋಲ್ ಸಪ್ಲೈಯ 0 ವೋಲ್ಟನ್ನು ಅರ್ಥಿಗೆ ಕಟ್ಟಿ, ಸ್ವಿಚ್ಚುಗಳೆಲ್ಲ ಪಾಸಿಟಿವ್ ಕಡೆ, ಕಾಯಿಲಿನ ಎ2 ನೇರ 0 ವೋಲ್ಟಿಗೆ. ಆಗ ಉಜ್ಜಿ ಹೋದ ವೈರು ಯಂತ್ರದ ಮೈಗೆ ತಾಗಿದರೆ ಫ್ಯೂಸ್ ಹಾರುತ್ತದೆ, ಕಾಂಟ್ಯಾಕ್ಟರ್ ಬೀಳುತ್ತದೆ. ಗುಂಡಿಯನ್ನು ಕಾಯಿಲಿನಾಚೆ 0 ವೋಲ್ಟ್ ಕಡೆ ಹಾಕಿದ್ದರೆ ಅದೇ ತಾಗುವಿಕೆ ಗುಂಡಿಯನ್ನು ದಾಟಿಸಿ ಕಾಯಿಲನ್ನು ಹಿಡಿದುಬಿಡುತ್ತದೆ. ಸೇಫ್ಟಿ ರಿಲೇಯ ಎರಡನೇ ಚಾನೆಲ್ ಮಾತ್ರ ಇದಕ್ಕೆ ಹೊರತು, ಅಲ್ಲಿ ರಿಲೇಯೇ ಕಾವಲಿರುತ್ತದೆ.

ಒಪ್ಪಿಕೊಳ್ಳುವ ಮುನ್ನ

ಟೂಲ್ ತೆಗೆದು, ನಿಧಾನ ಫೀಡಿನಲ್ಲಿ ಶುರು ಮಾಡಿ.

1. ಪ್ರತಿ ಗುಂಡಿಯನ್ನೂ ಬೇರೆ ಬೇರೆ ಒತ್ತಿ. ಬಿಡಿಸಿದಾಗ ಏನೂ ಚಲಿಸಕೂಡದು, ರಿಸೆಟ್ ಒತ್ತಿದಾಗಲೂ ಚಲಿಸಕೂಡದು, ಸ್ಟಾರ್ಟಿಗೆ ಮಾತ್ರ ಓಡಬೇಕು.
2. ಮೇನ್ ಆಫ್ ಮಾಡಿ ಒಂದು ಚಾನೆಲಿನ ವೈರು ಬಿಚ್ಚಿ, ಮತ್ತೆ ಆನ್ ಮಾಡಿ. ರಿಲೇ ಏಳಬಾರದು. ಇನ್ನೊಂದು ಚಾನೆಲಿಗೂ ಹಾಗೆಯೇ.
3. ಕೆ1ರ ಎನ್‌ಸಿ ಸಹಾಯಕ ವೈರು ಬಿಚ್ಚಿ ರಿಸೆಟ್ ಪ್ರಯತ್ನಿಸಿ. ರಿಸೆಟ್ ಆದರೆ ಎಲ್ಲೋ ಜಂಪರ್ ಉಳಿದಿದೆ.
4. ಕಂಟ್ರೋಲರಿನ ಯುಎಸ್‌ಬಿ ಅಥವಾ ನೆಟ್‌ವರ್ಕ್ ಕೇಬಲ್ ಕಿತ್ತಿಟ್ಟು ಒತ್ತಿ. ಕಾಂಟ್ಯಾಕ್ಟರುಗಳು ಬೀಳಲೇಬೇಕು.
5. ಕೊನೆಗೆ ಪೂರ್ಣ ವೇಗದಲ್ಲಿ ಪ್ರತಿ ಅಕ್ಷ ಎಷ್ಟು ಮಿ.ಮೀ.ಯಲ್ಲಿ, ಸ್ಪಿಂಡಲ್ ಎಷ್ಟು ಸೆಕೆಂಡಿನಲ್ಲಿ ನಿಂತಿತು ಎಂದು ಅಳೆದು, ಪ್ಯಾನೆಲ್ ಬಾಗಿಲ ಒಳಮೈ ಮೇಲೆ ತಾರೀಕಿನೊಂದಿಗೆ ಬರೆದಿಡಿ. ಆರು ತಿಂಗಳ ನಂತರದ ಅಳತೆ ಇದಕ್ಕಿಂತ ಹೆಚ್ಚಿದ್ದರೆ ಮೊದಲು ಬ್ರೇಕಿನ ಲೈನಿಂಗ್ ನೋಡಿ, ಆಮೇಲೆ ಬ್ರೇಕ್ ರೆಸಿಸ್ಟರ್, ಆಮೇಲೆ ಯಾರಾದರೂ ಡ್ರೈವಿನ ರ್‍ಯಾಂಪ್ ಸಮಯ ಬದಲಿಸಿದ್ದಾರೆಯೇ ಎಂದು.